ಅವನ ಪಾಲಿನ ಭಾರ

"ಹೋ" ಅಂದೆ. ಮುಂದಿನದು ಬರಲಿಲ್ಲ.

ಮೇಜಿನ ಆ ಕಡೆ ಕುಳಿತಿದ್ದ ಮ್ಯಾನೇಜರ್ ಕಾಯ್ದ. ರಾಯಚೂರಿನಲ್ಲಿ ಹೊಸದಾಗಿ ಆಗಿದ್ದ ಹೋಟೆಲ್ ಅದು. ಕೌಂಟರಿನಲ್ಲಿ ಕುಳಿತು ಫೋನ್ ಎತ್ತುವ ಕೆಲಸ. ಎತ್ತಿದ ಕೂಡಲೇ "ಹೋಟೆಲ್" ಅಂದು, ಅದರ ಹೆಸರು ಹೇಳಿ, ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಬೇಕು. ಪರೀಕ್ಷೆ ಅಷ್ಟೇ.

"ಹೋಟೆಲ್ ಅನ್ನಾಕ ಬರಂಗಿಲ್ಲೇನು?" ಅಂದ.

"ಬರ್ತದ್ರಿ."

"ಅನ್ನು ಮತ್ತ."

"ಹೋ" ಅಂದೆ. ಮತ್ತೆ ನಿಂತಿತು. ಬಾಯಿ ತೆರೆದೇ ಇತ್ತು. ಉಳಿದದ್ದನ್ನು ಪಕ್ಕದವನು ಹೇಳುತ್ತಾನೆ ಅಂತ ಕಾಯುತ್ತಿದ್ದೆ. ಪಕ್ಕದಲ್ಲಿ ಗೋಡೆ ಇತ್ತು.

"ಅರ್ಧ ನುಂಗಾಕತ್ತೀಯಲ್ಲಲೇ, ಮುಂಜಾನಿ ಉಂಡು ಬಂದಿಲ್ಲೇನು? ಸೋಮವಾರ ಬಾ. ಆಗಲೂ ಬರಲಿಲ್ಲಂದ್ರ ಗಿರಾಕಿ ಸೂಟ್‌ಕೇಸ್ ಹೊರೋ ಕೆಲಸ ಅದ, ಅದನ್ನ ಮಾಡು."

ಪಕ್ಕದಲ್ಲಿ ಇರಬೇಕಾದವನು ನನ್ನ ಗೆಳೆಯ. ಅವನು ಸತ್ತು ಎರಡು ತಿಂಗಳಾಗಿತ್ತು.

ನಾವಿಬ್ಬರೂ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಚೀಲ ಎತ್ತುತ್ತಿದ್ದೆವು. ಒಂದು ಚೀಲಕ್ಕೆ ಇಬ್ಬರು. ಒಬ್ಬ ಬಾಯಿ ಹಿಡಿಯಬೇಕು, ಇನ್ನೊಬ್ಬ ಬುಡ. ಅಕ್ಕಿ ಕೆಳಗೆ ಇಳಿದಿರುತ್ತದೆ, ಹಾಗಾಗಿ ಭಾರವೆಲ್ಲ ಬುಡದಲ್ಲಿ. ಗೆಳೆಯ ನನಗಿಂತ ಗಟ್ಟಿ. ಬುಡ ಯಾವಾಗಲೂ ಅವನದು. ಅವನು "ಹೈ" ಅಂದಾಗ ಇಬ್ಬರೂ ಎತ್ತುತ್ತಿದ್ದೆವು.

ಚೀಲ ಎತ್ತಿ ಎತ್ತಿ ಸಾಕಾಗಿತ್ತು. ರಜೆ ದಿನ ರಾಯಚೂರಿಗೆ ಹೋಗಿ ಇಂಗ್ಲಿಷ್ ಕ್ಲಾಸಿಗೆ ಸೇರಿದೆವು. ಕಲಿಸುವ ಮೇಡಂ ಮನೆಯಲ್ಲಿ ದಖನಿ ಉರ್ದು ಮಾತಾಡುವವರು, ನಮ್ಮ ಮುಂದೆ ನಮ್ಮ ಕನ್ನಡ. ಮೊದಲ ದಿನವೇ ಹೇಳಿದರು: "ಕನ್ನಡ ಮಾತಾಡಿದಂಗ ಎಲ್ಲಾ ಅಕ್ಷರ ಒಂದೇ ಸಮ ಅನ್ನಬ್ಯಾಡ್ರಿ. ಇಂಗ್ಲಿಷ್ ಪದದಾಗ ಒಂದು ಕಡಿ ಭಾರ ಇರ್ತದ. ಅಲ್ಲಿ ಒತ್ತಬೇಕು. ಉಳಿದದ್ದು ಹಗುರಕ ಬಿಡಬೇಕು. ಭಾರ ತಪ್ಪಿದ್ರ ಕೇಳೋರಿಗಿ ತಿಳಿಯಂಗಿಲ್ಲ."

ಗೆಳೆಯ ನನ್ನ ಕಡೆ ನೋಡಿದ. ಇಬ್ಬರಿಗೂ ಹೊಳೆದದ್ದು ಒಂದೇ. ಇದು ಚೀಲ.

ಅಲ್ಲಿಂದ ಪದಗಳನ್ನು ಇಬ್ಬರೂ ಹಿಡಿದು ಎತ್ತತೊಡಗಿದೆವು. ಹಗುರದ್ದು ನಾನು, ಭಾರದ್ದು ಅವನು. ನಾನು "ಹೋ", ಅವನು "ಟೆಲ್". ನಾನು "ರಿ", ಅವನು "ಸೆಪ್", ನಾನು "ಶನ್". ಬೇಗ ಬೇಗ ಹೇಳಿದರೆ ಒಬ್ಬನೇ ಹೇಳಿದಂತೆ ಕೇಳುತ್ತಿತ್ತು. ಬಸ್ಸಿನಲ್ಲಿ ಹೇಳುತ್ತ ಕುಳಿತರೆ ಕಂಡಕ್ಟರ್ "ಇಬ್ರು ಕೂಡಿ ಒಂದ ಟಿಕೆಟ್ ತಗೊಂಡೀರೇನು?" ಅಂತಿದ್ದ.

ಮೇಡಂ ಬೈದರು. "ಒಂದು ಪದಕ್ಕ ಇಬ್ರು ಯಾಕ್ರಪ್ಪಾ? ನಾಳಿ ಕೆಲಸ ಸಿಕ್ರ ಒಂದ ಕುರ್ಚಿ ಮ್ಯಾಲ ಇಬ್ರೂ ಕುಂದ್ರತೀರೇನು?"

"ಇವ ಸಣ್ಣಾವ ಅದಾನ್ರೀ ಮೇಡಂ" ಅಂದ ಗೆಳೆಯ. "ತೊಡಿ ಮ್ಯಾಲ ಕುಂದ್ರಿಸ್ಕೊಂತೀನಿ."

ಕ್ಲಾಸ್ ಮುಗಿಸಿ ದೇವದುರ್ಗಕ್ಕೆ, ಅವನ ಮನೆಗೆ ಹೋಗುತ್ತಿದ್ದೆವು. ಮನೆಯಲ್ಲಿ ಅವನ ತಾಯಿ ಒಬ್ಬಳೇ. ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾವು ಹೊರಗೆ ಕಟ್ಟೆಯ ಮೇಲೆ ಪದ ಎತ್ತುತ್ತಿದ್ದೆವು. ರೊಟ್ಟಿ ಆದಾಗ ಕರೆಯುತ್ತಿದ್ದಳು. ಸೋಮವಾರ ಬೆಳಿಗ್ಗೆ ವಾಪಸ್ ಮಾನ್ವಿಗೆ.

ದೇವದುರ್ಗದ ರಸ್ತೆಯಲ್ಲಿ ಮರಳಿನ ಟಿಪ್ಪರ್ ಅವನ ಬೈಕಿಗೆ ಹೊಡೆಯಿತು. ನಾನು ಅವತ್ತು ಗಿರಣಿಯಲ್ಲಿದ್ದೆ. ಇದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಗಿರಣಿಯಲ್ಲಿ ಚೀಲದ ಬುಡಕ್ಕೆ ಬೇರೆಯವನು ಬಂದ. ಚೀಲ ಎದ್ದಿತು. ಚೀಲ ಯಾರು ಹಿಡಿದರೂ ಏಳುತ್ತದೆ. ಪದ ಏಳಲಿಲ್ಲ. ರೂಮಿನಲ್ಲಿ ಒಬ್ಬನೇ ಕುಳಿತು "ಟು" ಅನ್ನುತ್ತಿದ್ದೆ, ತಡೆಯುತ್ತಿದ್ದೆ, "ರೋ" ಅನ್ನುತ್ತಿದ್ದೆ. ಟುಮಾರೋದ ನಡುವಿನ "ಮಾ" ಅವನು ಹೇಳುತ್ತಿದ್ದ. ನೆನಪಾಗುತ್ತಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. ಕೇಳುತ್ತಿತ್ತು. ಬಲಗಡೆಯಿಂದ. ಅವನು ಯಾವಾಗಲೂ ಬಲಗಡೆ ಕೂಡುತ್ತಿದ್ದ.

ಆ ಜಾಗ ನಾನೇ ತುಂಬಿದರೆ ಅವನಿಗೆ ನಿಲ್ಲಲು ಜಾಗ ಇರುವುದಿಲ್ಲ ಅಂತ ಅಂಜಿಕೆ. ತುಂಬದಿದ್ದರೆ ಕೆಲಸ ಇಲ್ಲ.

ಸೋಮವಾರಕ್ಕೆ ಮುಂಚಿನ ದಿನ ದೇವದುರ್ಗಕ್ಕೆ ಹೋದೆ. ಮಣ್ಣು ಮಾಡಿದ ಮೇಲೆ ಹೋಗಿರಲಿಲ್ಲ. ತಾಯಿ ಒಲೆಯ ಮುಂದೆ ಇದ್ದಳು.

"ಬಂದೇನಪ್ಪಾ. ಕುಂದ್ರು. ಸೊರಗೀಯಲ್ಲ."

"ಇಲ್ಲ ಬಿಡಬೇ ಯವ್ವಾ."

"ಕೆಲಸದ್ದು ಏನಾತು?"

"ಆಗಲಿಲ್ಲ. ಮಾತು ಅರ್ಧಕ್ಕ ನಿಂತುಬಿಡ್ತು."

"ಯಾವ ಮಾತು?"

"ಹೋ" ಅಂದೆ.

"ಟೆಲ್" ಅಂದಳು.

ರೊಟ್ಟಿ ಬಡಿಯುವ ಕೈ ನಿಂತಿತ್ತು. ಅವನು ಒತ್ತುತ್ತಿದ್ದ ಹಾಗೇ ಒತ್ತಿದ್ದಳು. ನಾನು ಬಾಗಿಲ ಕಡೆ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ.

"ಇನ್ನೊಂದು ಅನ್ನು" ಅಂದಳು.

"ರಿ."

"ಸೆಪ್."

"ಶನ್" ಅಂದೆ.

"ಇವು ಏನಂತ ನನಗ ಗೊತ್ತಿಲ್ಲಪ್ಪಾ" ಅಂದಳು. "ವಾರ ವಾರ ಕೇಳೀನಿ. ನಿನ್ನ ಪಾಲು ಯಾವ್ದು, ಅವನ ಪಾಲು ಯಾವ್ದು, ಅಷ್ಟು ಗೊತ್ತದ. ಅನ್ನು, ಇನ್ನೂ ಭಾಳ ಅದಾವ."

ನಾನು ಹಗುರದ್ದು ಹೇಳುತ್ತ ಹೋದೆ. ಅವಳು ಭಾರದ್ದು ಹೇಳುತ್ತ ಹೋದಳು. ಒಂದೂ ತಪ್ಪಲಿಲ್ಲ. ಹಂಚಿನ ಮೇಲೆ ರೊಟ್ಟಿ ಕರಕಾಯಿತು. ವಾಸನೆ ಬಂದರೂ ಇಬ್ಬರೂ ಏಳಲಿಲ್ಲ. ಆಮೇಲೆ ಅದನ್ನೇ ಮುರಿದುಕೊಂಡು ತಿಂದೆವು.

ತಿನ್ನುವಾಗ ಹೇಳಿಬಿಟ್ಟೆ. "ಯವ್ವಾ, ನಾಳಿ ಎರಡೂ ನಾನ ಅನ್ನಬೇಕಾಗ್ತದ."

ಅವಳು ತಾಟಿನ ಕಡೆ ನೋಡುತ್ತಿದ್ದಳು. "ಅನ್ನು, ಹೊಟ್ಟಿ ಪಾಡು" ಅಂದಳು. ಎದ್ದು ಕೈ ತೊಳೆದುಕೊಂಡು ಬಂದು ಇನ್ನೊಂದು ಮಾತು ಹೇಳಿದಳು. "ನನ್ನ ಮುಂದ ಅನ್ನಬ್ಯಾಡ."

ಸೋಮವಾರ ಮ್ಯಾನೇಜರ್ ಮುಂದೆ ನಿಂತು ಪೂರ್ತಿ ಪದ ಹೇಳಿದೆ. "ಹೋ" ನನ್ನ ದನಿಯಲ್ಲಿ ಬಂತು. "ಟೆಲ್" ನನ್ನದಾಗಿರಲಿಲ್ಲ. ಅವನ ದಪ್ಪ ದನಿ, ಮೂಗಿನ ಎಳೆತ ಸಮೇತ. ನನ್ನ ಬಾಯಿಂದಲೇ ಬಂತು.

"ಇಂಥಾ ದನಿ ಇಟ್ಕೊಂಡು ಅವತ್ಯಾಕ ಸತಾಯಿಸಿದಿ?" ಅಂದ ಮ್ಯಾನೇಜರ್. ಕೆಲಸ ಆಯಿತು.

ಈಗ ದಿನವಿಡೀ ಫೋನ್ ಎತ್ತುತ್ತೇನೆ. ಪ್ರತಿ ಪದದಲ್ಲೂ ಭಾರದ ಕಡೆ ಅವನೇ ಬರುತ್ತಾನೆ. ಗಿರಾಕಿಗಳಿಗೆ ಗೊತ್ತಾಗುವುದಿಲ್ಲ. ರೂಮು ಇದೆಯಾ ಅಂತ ಕೇಳುತ್ತಾರೆ, ಇದೆ ಅಂತೇವೆ. "ಅಂತೇವೆ" ಅಂತಲೇ ಬರೆಯುತ್ತೇನೆ, ಒಬ್ಬನೇ ಅಂದ ಹಾಗೆ "ಅಂತೇನೆ" ಅಂತ ಬರೆಯಲು ಕೈ ಬರುವುದಿಲ್ಲ. ನಾನು ಸುಮ್ಮನೆ ಕುಳಿತಿದ್ದಾಗ ಅವನು ಮಾತಾಡುವುದಿಲ್ಲ. ಬೇರೆ ಕಡೆ ಎಲ್ಲೂ ಅವನು ಇಲ್ಲ.

ದೇವದುರ್ಗಕ್ಕೆ ಮತ್ತೆ ಹೋಗಿಲ್ಲ. ಅವಳ ಮುಂದೆ ಬಾಯಿ ತಪ್ಪಿ ಪೂರ್ತಿ ಪದ ಬಂದುಬಿಟ್ಟರೆ ಅಂತ ಅಂಜಿಕೆ. ಫೋನ್ ಮಾಡಿ ಕೌಂಟರಿನ ನಂಬರ್ ಮಾತ್ರ ಅವಳಿಗೆ ಕೊಟ್ಟಿದ್ದೇನೆ.

ಮಧ್ಯಾಹ್ನ ಊಟದ ಹೊತ್ತು, ಕೌಂಟರಿನ ಮುಂದೆ ಯಾರೂ ಇರುವುದಿಲ್ಲ. ಆಗ ಒಮ್ಮೊಮ್ಮೆ ಫೋನಿನ ಮೇಲೆ ಅವಳ ನಂಬರ್ ಕಾಣುತ್ತದೆ. ಎತ್ತುತ್ತೇನೆ.

"ಹೋ" ಅನ್ನುತ್ತೇನೆ. ಅಲ್ಲಿಗೇ ನಿಲ್ಲಿಸುತ್ತೇನೆ.

"ಟೆಲ್" ಅನ್ನುತ್ತಾಳೆ. ಫೋನ್ ಇಡುತ್ತಾಳೆ.

ಕೆಲವು ದಿನ ಅವಳು ಹೇಳುವ ಮುಂಚೆಯೇ ಬಲಗಡೆಯಿಂದ ಕೇಳಿಬಿಡುತ್ತದೆ. ಅದನ್ನು ಅವಳಿಗೆ ಹೇಳಿಲ್ಲ.

ಇಷ್ಟೇ. ಇನ್ನು ಹೇಳಲು ನನ್ನ ಹತ್ತಿರ ಏನೂ ಇಲ್ಲ.