ನಂಟರ ಹುರಿ ಹಿಡಿದ ಕೇತಯ್ಯ

ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲಿ, ಅಂದರೆ ಕಾಡಿನ ಹಟ್ಟಿಯಲ್ಲಿ, ಹುಟ್ಟಿ ಬೆಳೆದ ಕೇತಯ್ಯನಿಗೆ ಚೆನ್ನಾಗಿ ಬರುತ್ತಿದ್ದದ್ದು ಒಂದೇ ಕೆಲಸ, ಹಗ್ಗ ಹಿಡಿದು ಕೂರುವುದು. ಕೇಳಿದವರು ನಗುತ್ತಾರೆ. ನಗಲಿ. ಬಂಡೆಯಂಚಿನಿಂದ ಕೆಳಗಿಳಿದು ಹೆಜ್ಜೇನು ಕೀಳುವವನನ್ನು ಊರೆಲ್ಲ ಹೊಗಳುತ್ತದೆ. ಮೇಲೆ ಕುಂತು ಅವನ ಪ್ರಾಣವನ್ನು ಅಂಗೈಗೆ ಸುತ್ತಿಕೊಂಡವನನ್ನು ಯಾರು ವಿಚಾರಿಸುತ್ತಾರೆ? ಬೇಸಿಗೆಯಲ್ಲಿ ಅರಣ್ಯ ಇಲಾಖೆಯವರಿಗೆ ಬೆಂಕಿ ಕಾಯುವ ಕೂಲಿ, ಜೇನಿನ ಕಾಲಕ್ಕೆ ಹಗ್ಗ. ಹೀಗೆ ಅವನ ತಲೆ ನರೆಯಿತು.

ಹಗ್ಗಕ್ಕೆ ಅವರ ಪೋಡಿನಲ್ಲಿ ಕಟ್ಟುಪಾಡುಗಳಿದ್ದವು. ಹಿಡಿಯುವವನು ಇಳಿಯುವವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು. ಒಡಹುಟ್ಟಿದವನು ಪಾಲಿನ ಆಸೆಗೆ ಕೈ ಸಡಿಲಿಸಿಯಾನು, ತಂಗಿಯನ್ನು ಮುಂಡೆ ಮಾಡಲು ಯಾವ ಅಣ್ಣ ಒಪ್ಪುತ್ತಾನೆ? ಇನ್ನೊಂದು ಕಟ್ಟು ಇದಕ್ಕಿಂತ ಬಿಗಿ. ಬಂಡೆಯ ಮೇಲೆ ಯಾರ ಹೆಸರನ್ನೂ ಕೂಗಬಾರದು. ಹೆಸರು ಕೇಳಿಸಿಕೊಂಡ ಜೇನು ಆ ಮನುಷ್ಯನನ್ನು ಗುರುತು ಹಿಡಿಯುತ್ತದಂತೆ. ಹಗ್ಗ ಸಡಿಲವಾದರೆ ಉಸಿರು ಬಿಗಿಹಿಡಿದು ಕಾಯಬೇಕು, ಅಷ್ಟೇ. ಚಿಕ್ಕಂದಿನಲ್ಲಿ ಒಮ್ಮೆ ಗಾಬರಿಯಿಂದ ಮಾವನ ಹೆಸರು ಕೂಗಿದ್ದಕ್ಕೆ ಅಪ್ಪ ಕೊಟ್ಟ ಏಟಿಗೆ ಕೇತಯ್ಯನ ತುಟಿ ಒಡೆದಿತ್ತು. ಆಮೇಲೆ ಆ ಬಾಯಿ ಬಂಡೆಯ ಮೇಲೆ ತೆರೆದದ್ದಿಲ್ಲ.

ಹನೂರಿನ ಬಯಲಿಗೆ ಆಕಾಶದಿಂದ ಇಳಿದವರನ್ನು ಜನ ಮೊದಲು ಭೂತ ಎಂದರು, ಆಮೇಲೆ ನಂಟರು ಎಂದರು. ಹೇಳದೆ ಕೇಳದೆ ಬಂದು ತಳ ಊರುವವರನ್ನು ನಮ್ಮ ಕಡೆ ಮತ್ತೇನೆಂದು ಕರೆಯುವುದು? ಬೂದಿ ಬಣ್ಣದ, ಬಡಕಲು ಮೈಯ, ಮನುಷ್ಯರಿಗಿಂತ ಒಂದು ಮೊಳ ಎತ್ತರದ ಸಾಧು ಜೀವಗಳು. ದಾರಿಯಲ್ಲಿ ಇರುವೆ ಸಾಲು ಕಂಡರೆ ಅದು ಮುಗಿಯುವವರೆಗೂ ನಿಲ್ಲುತ್ತಿದ್ದರು. ಅವರ ಮಾತಿನಲ್ಲಿ 'ಹೊಡಿ' ಎಂಬುದಕ್ಕೆ ಪದವೇ ಇರಲಿಲ್ಲ. ಜೊತೆಗೆ ತಂದಿದ್ದದ್ದು ತೆಂಗಿನಮರಕ್ಕೂ ಮಿಗಿಲಾದ ಕಬ್ಬಿಣದ ಆಳುಗಳನ್ನು. ಕೈಕಾಲು ತಲೆ ಎಲ್ಲ ಇದ್ದ ಆ ಯಂತ್ರಗಳಿಗೆ ಜನ 'ದೊಡ್ಡಾಳು' ಎಂದು ಹೆಸರಿಟ್ಟರು. ದೊಡ್ಡಾಳುಗಳು ಸುತ್ತಮುತ್ತಲ ಕೆರೆಗಳ ಹೂಳನ್ನೆಲ್ಲ ಎತ್ತಿ ಹಾಕಿದವು. ಕೂಲಿ ಕೇಳಲಿಲ್ಲ, ಊಟ ಕೇಳಲಿಲ್ಲ. "ಇಂತಾ ನಂಟ್ರು ಇನ್ನೂ ನಾಕ್ ಜನ ಬರ್ಲಿ ಕಣ್ಲಾ" ಎಂದು ಜಮೀನ್ದಾರ ಶಿವರುದ್ರಸ್ವಾಮಿ ತನ್ನ ಬರಡು ಹೊಲವನ್ನೇ ಬಿಟ್ಟುಕೊಟ್ಟ. ಅಲ್ಲಿ ಎದ್ದದ್ದು ನಂಟರ ಪೇಟೆ.

ಅವರಲ್ಲೊಬ್ಬ ಮರ ನೋಡಲೆಂದು ಬೆಟ್ಟ ಹತ್ತಿದವನು ಕೇತಯ್ಯನ ತಂಗಿ ಮಹದೇವಿಯ ಒಲೆ ಮುಂದೆ ಕೂತು ಕನ್ನಡ ಕಲಿತ. ಅವನ ನಿಜವಾದ ಹೆಸರು ಬಿದಿರಿನ ಕೊಳವೆ ಊದಿದ ಹಾಗಿತ್ತು. ಮಹದೇವಿ ತನ್ನ ಬಾಯಿಗೆ ಬರುವಂತೆ ಅವನಿಗೆ ಜಡೆಯ ಎಂದೂ ಅವನ ತಂಗಿಗೆ ರಂಗಿ ಎಂದೂ ಹೆಸರಿಟ್ಟಳು.

ಹೋದ ವರ್ಷ ಸುಗ್ಗಿಯ ಹೊತ್ತಿಗೆ ನಂಟರನ್ನು ಅಟ್ಟಿಸಿಕೊಂಡು ಅವರ ಹಳೆಯ ವೈರಿಗಳು ಬಂದರು. ಮುಖ ಕಂಡವರಿಲ್ಲ. ಕಪ್ಪು ಲೋಹದ ಹಾರುವ ಹುಳಗಳು, ಹಿಂಡು ಹಿಂಡಾಗಿ ಬಂದು ಪೇಟೆಯನ್ನು ಸುತ್ತುಗಟ್ಟಿದವು. ಕೊಳ್ಳೇಗಾಲದ ರಸ್ತೆ ಮುಚ್ಚಿತು, ಪಾಲಾರಿನ ಕಡೆಯದೂ ಮುಚ್ಚಿತು. "ಯಾರ ಜಗಳಕ್ಕೆ ಯಾರು ತಲೆ ಕೊಡದು?" ಎಂದು ಹನೂರಿನವರು ಗಂಟುಮೂಟೆ ಕಟ್ಟಿದರು. ಎಲ್ಲರಿಗಿಂತ ಮೊದಲು ಬೀಗ ಹಾಕಿಕೊಂಡು ಹೊರಟವನು ಶಿವರುದ್ರಸ್ವಾಮಿಯೇ. ಕೆರೆ ತುಂಬಿಸಿಕೊಂಡ ಋಣ ಕೆರೆಯ ನೀರಿನ ಜೊತೆಗೇ ಆವಿಯಾಗಿತ್ತು.

ನಂಟರು ಬಹಳ ದಿನ ಕೈ ಎತ್ತಲಿಲ್ಲ. ಮನೆ ಉರಿದವು, ಮನೆಯೊಳಗೆ ಮಕ್ಕಳು ಉರಿದರು. ಕೊನೆಗೆ ದೊಡ್ಡಾಳುಗಳೊಳಗೆ ಸೇರುವುದೆಂದು ತೀರ್ಮಾನಿಸಿದರು. ದೊಡ್ಡಾಳಿಗೆ ಕೆರೆ ತೋಡುವುದು ಗೊತ್ತಿತ್ತು, ಊರು ಕಾಯಬೇಕಾದರೆ ಅದರೊಳಗೊಂದು ಜೀವ ಬೇಕಿತ್ತು. ನಂಟರು ಮೈಯನ್ನು ಚಾಪೆಯ ಮೇಲೆ ಮಲಗಿಸಿ ಜೀವವನ್ನು ಮಾತ್ರ ಕಬ್ಬಿಣದೊಳಗೆ ಕಳಿಸಬಲ್ಲವರಾಗಿದ್ದರು. ಕಳಿಸುವುದು ಸುಲಭ, ವಾಪಸು ಕರೆಸುವುದು ಕಷ್ಟ. ಒಳಹೋದವನು ಹೊತ್ತು ಕಳೆದಂತೆ ತಾನು ಯಾರೆಂದು ಮರೆತು ಕಬ್ಬಿಣವೇ ಆಗಿಬಿಡುತ್ತಾನೆ. ಅದಕ್ಕೇ ಮಲಗಿದ ಮೈಯ ಮಣಿಕಟ್ಟಿಗೆ ಒಂದು ಹುರಿ ಕಟ್ಟಿ, ಅದರ ತುದಿಯನ್ನು ಯಾರಾದರೂ ಹಿಡಿದಿರಬೇಕು. ನಂಟರೇ ಹಿಡಿದರೆ ಅವರೂ ಒಳಗೆ ಸೆಳೆದುಹೋಗುತ್ತಾರೆ, ಆದ್ದರಿಂದ ಮನುಷ್ಯರೇ ಆಗಬೇಕು. ಹುರಿ ಬಿಗಿಯಾಗಿದ್ದರೆ ಅವನಿಗೆ ತನ್ನ ನೆನಪಿದೆ. ಸಡಿಲವಾಯಿತೋ, ಹೆಸರು ಹಿಡಿದು ಕೂಗಬೇಕು. ಹುರಿ ಹಿಡಿದವನ ದನಿ ದೊಡ್ಡಾಳಿಗೆ ಎಷ್ಟು ದೂರದಲ್ಲಿದ್ದರೂ ಕೇಳುತ್ತದೆ. ಮೈಗೆ ಮರಳುವವರೆಗೂ ಅದೊಂದೇ ಹೆಸರು. ನಡುವೆ ಬೇರೆ ಹೆಸರು ಬಾಯಿಗೆ ಬಂದರೆ ಹುರಿಯನ್ನು ಕಡಿದಂತೆಯೇ.

"ನಂಗೆ ಹಗ್ಗ ಹಿಡೀತೀಯಾ ಕೇತಯ್ಯ?" ಎಂದು ಜಡೆಯ ಹುಳಗಳ ಕಣ್ಣು ತಪ್ಪಿಸಿ ಬೆಟ್ಟ ಹತ್ತಿ ಬಂದು ಕೇಳಿದ.

"ಹಿಡೀಬೌದು. ಆದ್ರೆ ನೀ ನನ್ ಭಾವ ಅಲ್ವಲ್ಲಪ್ಪಾ."

ಮಹದೇವಿಯ ಗಂಡ ದೊರೆಸ್ವಾಮಿಯನ್ನು ಆನೆ ತುಳಿದು ಬಹಳ ವರ್ಷವಾಗಿತ್ತು. ಅವಳು ಒಳಗಿನಿಂದ ವೀಳ್ಯದೆಲೆ ತಂದು ಜಡೆಯನ ಕೈಗಿಟ್ಟಳು. "ತಕಾ ಅಣ್ಣಾ, ಇವತ್ತಿಂದ ಇವ್ನೇ ನಿನ್ ಭಾವ. ಹಳೇವ್ನಿಗಿಂತ ವಾಸಿ ಕಣ, ಕುಡಿಯಾಕಿಲ್ಲ." ಅಣ್ಣ ತಂಗಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಜಡೆಯನಿಗೆ ನಗಲು ಬರುತ್ತಿರಲಿಲ್ಲ. ಎಲೆಯನ್ನು ಜೋಪಾನವಾಗಿ ಮಡಿಸಿ ಇಟ್ಟುಕೊಂಡ. ಅವನ ಹಿಂದೆಯೇ ಅಣ್ಣ ತಂಗಿ ಪೇಟೆಗಿಳಿದು ಅಲ್ಲೊಂದು ಗುಡಿಸಲು ಸೇರಿದರು.

ಮೊದಮೊದಲು ಎಲ್ಲ ಸಲೀಸಾಗಿ ನಡೆಯಿತು. ಜಡೆಯ ಬೆಳಿಗ್ಗೆ ಹೋಗುತ್ತಿದ್ದ, ಹುಳಗಳನ್ನು ಪೇಟೆಯಿಂದ ದೂರ ಅಟ್ಟಿ ಸಂಜೆ ಕಣ್ಣು ಬಿಡುತ್ತಿದ್ದ. ಹುರಿ ಒಂದು ಸಲವೂ ಸಡಿಲವಾಗಲಿಲ್ಲ, ಕೂಗುವ ಪ್ರಮೇಯವೇ ಬರಲಿಲ್ಲ. ಮಹದೇವಿ ಗಂಜಿ ಕಾಯಿಸಿ ಇಬ್ಬರಿಗೂ ಕೊಡುತ್ತಿದ್ದಳು.

ಆ ದಿನ ಮಾತ್ರ ಇಡೀ ಹಿಂಡೇ ಒಮ್ಮೆಲೇ ಮೇಲೆ ಬಿತ್ತು. ಪೇಟೆಯ ನಡುವಿನ ಗುಡಿಸಲಿನಲ್ಲಿ ಕೂತಿದ್ದ ಕೇತಯ್ಯನ ಕಿವಿಯಲ್ಲಿ ಅದೇ ಮೊರೆತ, ಹೆಜ್ಜೇನು ಎದ್ದಾಗಿನ ಮೊರೆತ. ಕೈಯಲ್ಲಿದ್ದ ಹುರಿ ಸಡಿಲವಾಯಿತು. ಕೂಗಬೇಕೆಂದು ಅವನಿಗೆ ಗೊತ್ತಿತ್ತು, ಮರೆತಿರಲಿಲ್ಲ. ಆದರೆ ಆ ಮೊರೆತ ಕೇಳಿದ ಕೂಡಲೇ ಬಾಯಿಗೆ ಬೀಗ ಬಿತ್ತು. ಜೇನೆದ್ದಿದೆ, ಹಗ್ಗ ಸಡಿಲವಾಗಿದೆ, ಈಗ ಉಸಿರೆತ್ತಿದರೆ ಕೆಳಗಿರುವವನು ಸತ್ತ. ಅವನ ಮೈಗೆ ಗೊತ್ತಿದ್ದದ್ದು ಅಷ್ಟೇ. ಹುರಿಯನ್ನು ಅಂಗೈಗೆ ಮತ್ತೊಂದು ಸುತ್ತು ಸುತ್ತಿ, ರಕ್ತ ಬರುವ ಹಾಗೆ ಬಿಗಿಹಿಡಿದು, ಹಲ್ಲು ಕಚ್ಚಿ ಕೂತ. ಮಾತು ಬೆಳ್ಳಿ ಮೌನ ಬಂಗಾರ ಎಂದ ಪುಣ್ಯಾತ್ಮನನ್ನು ಆ ಹೊತ್ತು ಆ ಗುಡಿಸಲಿಗೆ ತಂದು ಕೂರಿಸಬೇಕಿತ್ತು.

ಮೊರೆತ ನಿಂತಾಗ ಪೇಟೆ ಉಳಿದಿತ್ತು. ಜಡೆಯನ ದೊಡ್ಡಾಳು ಒಂದು ಕೈ ಕಳೆದುಕೊಂಡು ಕೆರೆಯಂಗಳದಲ್ಲಿ ಅಲ್ಲಾಡದೆ ನಿಂತಿತ್ತು. ಚಾಪೆಯ ಮೇಲಿನ ಮೈ ತಣ್ಣಗಾಗಿತ್ತು.

ಗಂಜಿ ತಂದ ಮಹದೇವಿ ಅಣ್ಣನ ಮುಖ ನೋಡಿದಳು. "ಕೂಗ್ಲಿಲ್ವಾ?"

"ಇಲ್ಲ ಕಣವ್ವಾ. ಬಾಯೇ ಬರ್ಲಿಲ್ಲ."

"ನಂಗಿದು ಎಲ್ಡನೇ ಸಲ ಅಣ್ಣಾ" ಎಂದಳು.

ನಂಟರಾದರೂ ಬೈದಿದ್ದರೆ ಕೇತಯ್ಯನಿಗೆ ಹಗುರವಾಗುತ್ತಿತ್ತು. ಅವರಿಗೆ ಬೈಯಲೂ ಬರುತ್ತಿರಲಿಲ್ಲ. ಈಗಲಾದರೂ ಕೂಗಲೇ ಎಂದು ಕೇಳಿದ್ದಕ್ಕೆ ಅವರ ಹಿರಿಯರು, ಮೈ ತಣ್ಣಗಾದ ಮೇಲೆ ಕಬ್ಬಿಣದೊಳಗೂ ಏನೂ ಉಳಿಯುವುದಿಲ್ಲ ಎಂದರು. ಹಾಗಂದುಕೊಂಡಿದ್ದರು, ಅಷ್ಟೇ. ಈ ಕೆಲಸ ಅವರಿಗೂ ಹೊಸದು. ಕೇತಯ್ಯ ಗುಡಿಸಲಿನ ಮುಂದೆಯೇ ತಾನೇ ಗುಂಡಿ ತೋಡಿ ಜಡೆಯನನ್ನು ಮಣ್ಣು ಮಾಡಿದ. ಮೊದಲ ಹಿಡಿ ಮಣ್ಣು ಹಾಕಿದವಳು ಮಹದೇವಿ.

ಮಾರನೆಯ ಬೆಳಿಗ್ಗೆ ಹುಳಗಳು ಮತ್ತೆ ಬಂದವು. ರಂಗಿ ತನ್ನ ಮಣಿಕಟ್ಟಿಗೆ ಹುರಿ ಕಟ್ಟಿಕೊಂಡು ಬಂದು ತುದಿಯನ್ನು ಕೇತಯ್ಯನ ಮುಂದೆ ಹಿಡಿದಳು.

"ಬ್ಯಾಡ ಕಣವ್ವಾ, ಬ್ಯಾರೆ ಯಾರ್ನಾದ್ರೂ ನೋಡು. ನನ್ ಕೈ ಒಳ್ಳೇದಲ್ಲ."

"ನಿನ್ ಕೈ ಬಿಡ್ಲಿಲ್ವಲ್ಲಾ ಕೇತಯ್ಯಣ್ಣ" ಎಂದಳು ರಂಗಿ. ಮಹದೇವಿಯಿಂದ ಕಲಿತ ಮಾತು, ಮಹದೇವಿಯ ದನಿಯೇ ಇತ್ತು. ಹಗ್ಗ ಹಿಡಿದು ಪಳಗಿದವರು ಬೇರೆ ಯಾರೂ ಇರಲೂ ಇಲ್ಲ.

ಈ ಸಲ ಕೇತಯ್ಯ ಹುರಿ ಸಡಿಲವಾಗುವುದನ್ನು ಕಾಯಲಿಲ್ಲ. ಅವಳು ಇನ್ನೊಂದು ಮೂಲೆಯಲ್ಲಿ ಚಾಪೆ ಹಾಸಿ ಕಣ್ಣು ಮುಚ್ಚಿದ್ದೇ ತಡ, "ರಂಗೀ! ರಂಗೀ!" ಎಂದು ಗಂಟಲು ಹರಿಯುವ ಹಾಗೆ ಶುರುಮಾಡಿದ. ಹೆಸರು ಕೂಗಿದಷ್ಟೂ ಮೊರೆತ ಹೆಚ್ಚಿತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಅಂಗೈಯ ಗಾಯ ಮತ್ತೆ ಬಿರಿಯಿತು. ಹುರಿ ಒಮ್ಮೆ ಸಡಿಲವಾಗಿ, ಅವನ ದನಿಗೆ ಮತ್ತೆ ಬಿಗಿಯಾಯಿತು.

ಆಗ ನೆಲ ಅದುರಿತು. ವೈರಿಗಳೇ ಒಳಗೆ ನುಗ್ಗಿದರೆಂದು ಮಹದೇವಿ ಹೊರಗೆ ಓಡಿದಳು. ಕೆರೆಯ ಕಡೆಯಿಂದ ಒಂಟಿ ಕೈಯ ದೊಡ್ಡಾಳು ನಡೆದು ಬರುತ್ತಿತ್ತು, ದನಿ ಬಂದ ದಿಕ್ಕಿಗೆ ಕಿವಿ ಕೊಟ್ಟು, ತಡವರಿಸಿ ತಡವರಿಸಿ. ಗುಡಿಸಲಿನ ಮುಂದೆ ಬಂದು ಮೊಣಕಾಲೂರಿತು. ಬಾಗಿಲಿನೊಳಗೆ ಒಂದು ಬೆರಳು ತೂರಿಸಿ, ನಿನ್ನೆ ಚಾಪೆ ಹಾಸಿದ್ದ ಜಾಗವನ್ನು ಮೆಲ್ಲಗೆ ಸವರಿ ಹುಡುಕಿತು. ಅಲ್ಲಿ ಬರಿಯ ನೆಲವಿತ್ತು. ಆಮೇಲೆ ಆ ಕೈಯ ಮಣಿಕಟ್ಟನ್ನು ಬಾಗಿಲಾಚೆ ಕೇತಯ್ಯನ ಕಣ್ಣೆದುರಿಗೆ ಚಾಚಿ ಕಾಯುತ್ತಾ ಕೂತಿತು.

ಕೇತಯ್ಯನ ನಾಲಿಗೆಯ ತುದಿಗೆ ಆ ಹೆಸರು ಬಂತು. ಕೈಯಲ್ಲಿದ್ದ ಹುರಿ ಕೂಡಲೇ ನಡುಗಿತು.

"ಅವ್ಳನ್ನ ಕೂಗಣ್ಣಾ" ಎಂದಳು ಮಹದೇವಿ, ಹೊರಗೆ ಆ ಕಬ್ಬಿಣದ ಮಂಡಿಯನ್ನು ತಬ್ಬಿಕೊಂಡು. "ಇದ್ದೋಳ್ನ ಕೂಗು. ನಿನ್ ದಮ್ಮಯ್ಯ."

ಕೇತಯ್ಯ ಅವನನ್ನೇ ನೋಡುತ್ತಾ ರಂಗಿಯನ್ನು ಕೂಗಿದ. ಸಂಜೆಯವರೆಗೂ ಕೂಗಿದ. ಅವನು ಬಾಯಿ ತೆರೆದಾಗಲೆಲ್ಲ ಆ ಕಬ್ಬಿಣದ ತಲೆ ಇಷ್ಟೇ ಮೇಲೇಳುತ್ತಿತ್ತು, ತನ್ನ ಹೆಸರಲ್ಲವೆಂದು ತಿಳಿದು ಮತ್ತೆ ಬಾಗುತ್ತಿತ್ತು.