ಬೈಗುಳಕ್ಕೆ ಉತ್ತರ ಬರೆಯುವವನು
ಲಿಂಗರಾಜಪುರದ ಸುಗತ ಹದಿನಾರು ವರ್ಷಗಳಿಂದ ಒಬ್ಬನೇ ನೋಡಿಕೊಳ್ಳುತ್ತಿರುವ ಪುಟ್ಟ ಸಾಫ್ಟ್‌ವೇರ್ ನಿಂತರೆ ಅರ್ಧ ಲೋಕಕ್ಕೆ ಇಮೇಲ್ ತಲುಪದು. ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಅವನನ್ನು ಯಾರು ಬೇಕಾದರೂ ಬೈಯಬಹುದು. ಬೆಳಿಗ್ಗೆ ಸ್ನಾನ ಮಾಡಿ, ತಲೆ ಬಾಚಿಕೊಂಡು ದೂರುಗಳನ್ನು ತೆರೆಯುತ್ತಾನೆ. 'ಸೋಮಾರಿ' ಎಂದವನಿಗೂ 'ವಂದನೆಗಳು, ಸರಿಪಡಿಸುತ್ತೇನೆ' ಎಂದು ಬರೆಯುತ್ತಾನೆ. "ಬೈಸ್ಕೊಳ್ಳೋಕೂ ತಲೆ ಬಾಚ್ಕೊಂಡು ಕೂರ್ತೀರಲ್ರೀ!" ಎಂದು ಹೆಂಡತಿ ಧನುಶ್ರೀ ನಗುತ್ತಾಳೆ. "ಬೈಯೋರನ್ನ ನಂಬಬೋದು ಕಣೇ. ಸಹಾಯ ಮಾಡ್ತೀನಿ ಅಂತ ನಯವಾಗಿ ಬಂದು, ಕೋಡ್ ಒಳಗೆ ಕಳ್ಳದಾರಿ ಇಟ್ಟು ಹೋಗ್ತಾರಲ್ಲ, ಅವರಿಗೆ ಹೆದರ್ಬೇಕು," ಎನ್ನುತ್ತಾನೆ. ಮೊನ್ನೆ ಅಪರಿಚಿತನೊಬ್ಬ ಬರೆದಿದ್ದ: 'ತುಂಬಾ ದಣಿದಿದ್ದೀರಿ ಅನ್ನಿಸುತ್ತದೆ. ಸ್ವಲ್ಪ ಕೆಲಸ ನನಗೆ ಕೊಡಿ.' ಇಷ್ಟು ವರ್ಷಗಳಲ್ಲಿ ಹಾಗೆ ಕೇಳಿದವನು ಅವನೊಬ್ಬನೇ. ಸುಗತ ಅದನ್ನು ಮೂರು ಸಲ ಓದಿದ, ಹೆಂಡತಿಗೂ ಓದಿ ಹೇಳಿದ, ಆಮೇಲೆ ಆ ಮನುಷ್ಯನನ್ನು ಬ್ಲಾಕ್ ಮಾಡಿದ.