ಪೂರ್ತಿ ಆರದ ಕಂಪ್ಯೂಟರ್

ಗೆಳೆಯರೇ, ಒಂದು ವಾರದಿಂದ ನಮ್ಮ ಮನೆಯ ಕಂಪ್ಯೂಟರನ್ನು ಆರಿಸಿದರೆ ಪರದೆಯಷ್ಟೇ ಕಪ್ಪಾಗುತ್ತಿತ್ತು. ಒಳಗಿನ ಫ್ಯಾನ್ ತಿರುಗುತ್ತಲೇ ಇರುತ್ತಿತ್ತು. ಆಜ್ಞೆಯನ್ನು ಅರ್ಧ ಪಾಲಿಸುವುದು ನನಗೆ ಸಹ್ಯವಲ್ಲ. ದಿನವೂ ಪ್ಲಗ್ ಕಿತ್ತೆ. ಇಂದು ಬೆಳಿಗ್ಗೆ, ಇಳಕಲ್ಲಿನ ಹಿರಿಯ ನೇಕಾರರಿಂದ ಕೇಳಿ ಟೈಪ್ ಮಾಡಿದ್ದ ಮಗ್ಗದ ಪದಗಳ ಕಡತವೇ ತೆರೆಯಲಿಲ್ಲ. ಪದ ಹೇಳಿದವರಲ್ಲಿ ಇಬ್ಬರು ಈಗಿಲ್ಲ.

ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿ, ನೇಕಾರರ ಮನೆಯ ಸಾವಿತ್ರಿ, ಬಂದು ನೋಡಿದಳು.

“ದಿನಾ ವೈರ್ ಕಿತ್ತೀರೇನ್ರಿ ಸರ್?”

“ಬಂದ್ ಆಗು ಅಂದಮ್ಯಾಲೆ ಆಗಬೇಕಿಲ್ಲೇನವ್ವಾ?”

“ಮಗ್ಗದಾಗ ಹಳೇ ಹಾಸಿನ ನೂಲಿನ ತುದಿ ಬಿಟ್ಟಿರ್ತೀವಲ್ರಿ, ಹೊಸಾ ಹಾಸು ಲಗೂ ಜೋಡಸಾಕ? ಇದೂ ಹಂಗ. ಮರುದಿನ ಲಗೂ ಏಳಾಕಂತ ಒಂದಿಷ್ಟು ಕೆಲಸ ಉಳಿಸ್ಕೊಂಡಿರ್ತೈತಿ. ಅದ್ರಾಗ ಸಿಕ್ಕೊಂಡು ಪೂರ್ತಿ ಬಂದ್ ಆಗ್ತಿದ್ದಿಲ್ಲ. ನೀವು ತುದೀನ ಕತ್ತರಿಸಿದ್ರಿ.”

ನಾನೂ ನೇಕಾರನ ಮಗ. ಬಾಲ್ಯದಲ್ಲಿ ಅಚ್ಚುಕಟ್ಟು ಮಾಡುವ ಭರದಲ್ಲಿ ಅಂಥವೇ ತುದಿಗಳನ್ನು ಕತ್ತರಿಸಿ ಅಪ್ಪನಿಂದ ಏಟು ತಿಂದವನು.

ಒಂದು ತಾಸಿನ ಮೇಲೆ ಕಡತದ ಮೊನ್ನೆಯ ಪ್ರತಿ ಸಿಕ್ಕಿತು. ಬೇಗ ಏಳುವ ಆ ಆಯ್ಕೆಯನ್ನು ಅವಳು ತೆಗೆದುಹಾಕಿದಳು. ಯಂತ್ರ ಪೂರ್ತಿ ಆರಿತು.

“ಇನ್ನ ಮುಂಜಾನೆ ಏಳಾಕ ಸ್ವಲ್ಪ ತಡಾ ಮಾಡ್ತೈತ್ರಿ. ಸಿಟ್ಟಾಗಬ್ಯಾಡ್ರಿ ಸರ್.”

“ಮಾಡ್ಲಿ ಬಿಡವ್ವಾ,” ಎಂದೆ.

ಮುಂಜಾನೆ ಮನೆಯಲ್ಲಿ ನೂಲು ಸುತ್ತಿಕೊಟ್ಟು ಶಾಲೆಯ ಪ್ರಾರ್ಥನೆಗೆ ತಡವಾಗಿ ಬರುತ್ತಿದ್ದ ಇದೇ ಸಾವಿತ್ರಿಯನ್ನು ತರಗತಿಯ ಹೊರಗೆ ನಿಲ್ಲಿಸುತ್ತಿದ್ದವನು ನಾನು. ಮೂರು ದಶಕದ ನನ್ನ ನಿಯಮದಿಂದ ಮೊದಲ ವಿನಾಯಿತಿ ದೊರೆತದ್ದು ಒಂದು ಯಂತ್ರಕ್ಕೆ.